ಹದಿನೈದನೆಯ ಸಾಲಿನ ಸುತ್ತ ಕೆಂಪು ವೃತ್ತ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಜಗಳವಾಡುವುದಕ್ಕೂ ವ್ಯಾಕರಣ ಬೇಕು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ದೊಡ್ಡಪ್ಪನವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದವರನ್ನೂ ವಾಕ್ಯವನ್ನು ಅರ್ಧಕ್ಕೆ ಬಿಟ್ಟವರನ್ನೂ ಸುಮ್ಮನೆ ಬಿಡುವುದಿಲ್ಲವಾದ್ದರಿಂದ, ಇಲ್ಲಿ ಸಿಟ್ಟು ಕೂಡ ಕ್ರಿಯಾಪದದೊಂದಿಗೇ ಮುಗಿಯಬೇಕು. 2025ರ ಮೇ 25ರಂದು ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನ ಕೊನೆಯ ಸುತ್ತು ಮುಗಿದ ಕೆಲವೇ ನಿಮಿಷಗಳಲ್ಲಿ ಚಿಕ್ಕಪ್ಪ ಗುಂಪಿಗೆ ಒಂದು ಚಿತ್ರ ಕಳಿಸಿದರು. ಅದು ಅಂಕಪಟ್ಟಿ. ಹದಿನೈದನೆಯ ಸಾಲಿನಲ್ಲಿದ್ದ ಮ್ಯಾಂಚೆಸ್ಟರ್ ಯುನೈಟೆಡ್‌ನ ಹೆಸರಿನ ಸುತ್ತ ಕೆಂಪು ವೃತ್ತ. ಚಿತ್ರವನ್ನು ಅಲ್ಲಿಗೇ ಕತ್ತರಿಸಿ, ಕೆಳಗೆ ಯಾರೋ ‘ಮೂವರು ಕಾವಲುಗಾರರು, ತೆರೆದ ಬಾಗಿಲು’ ಎಂದು ಬರೆದಿದ್ದರು.

ಚಿಕ್ಕಪ್ಪ: ಈ ಚಿತ್ರವನ್ನು ಎಲ್ಲರೂ ಉಳಿಸಿಟ್ಟುಕೊಳ್ಳಿ. 38 ಪಂದ್ಯಗಳಲ್ಲಿ 18 ಸೋಲು, ಕೇವಲ 42 ಅಂಕ. 1973-74ರಲ್ಲಿ ಕೆಳಗಿನ ಡಿವಿಷನ್‌ಗೆ ಬಿದ್ದ ಮೇಲೆ ನಮ್ಮ ತಂಡ ಇಷ್ಟು ಕೆಳಗೆ ಇಳಿದದ್ದಿಲ್ಲ. ನಮ್ಮ ಕೋಚ್ ಅಮೊರಿಮ್ ಎಂಬ ಮಹಾನುಭಾವರು ಹಿಂದೆ ಮೂವರನ್ನು ನಿಲ್ಲಿಸುತ್ತಾರೆ, ಅಕ್ಕಪಕ್ಕಕ್ಕೆ ಇನ್ನಿಬ್ಬರನ್ನು ಕೊಡುತ್ತಾರೆ, ಆದರೂ ಎದುರಾಳಿಯ ಆಟಗಾರ ನಮ್ಮ ಗೋಲಿನ ಮುಂದೆ ಒಂಟಿಯಾಗಿ ನಿಂತಿರುತ್ತಾನೆ. ಬೆಳಗಾಗುವುದರೊಳಗೆ ಅವರನ್ನು ಮನೆಗೆ ಕಳಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಣ್ಣ: ಚಿಕ್ಕಪ್ಪ, ನಿಮ್ಮ ನೋವು ನನಗೂ ಇದೆ. ಆದರೆ ಈ ಚಿತ್ರ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಕಳೆದ ವರ್ಷ ನಾವು ಎಂಟನೆಯ ಸ್ಥಾನದಲ್ಲಿದ್ದಾಗ ಬಿಟ್ಟುಕೊಟ್ಟ ಗೋಲುಗಳು 58. ಈ ವರ್ಷ 54. ಹೊಡೆದ ಗೋಲುಗಳು ಮಾತ್ರ 57ರಿಂದ 44ಕ್ಕೆ ಇಳಿದಿವೆ. ಹಾಗಿರುವಾಗ ಬಾಗಿಲು ತೆರೆದಿತ್ತು ಎಂದು ಡಿಫೆನ್ಸನ್ನು ಬೈಯುವುದು ಯಾವ ನ್ಯಾಯ? ಮುಂದಿನ ಸಾಲಿನವರು ಗೋಲು ಹೊಡೆಯಲಿಲ್ಲ, ಆದ್ದರಿಂದ ಸೋತೆವು.

ಭಾವ: ಚಿಕ್ಕಮಾವನವರಿಗೆ ನನ್ನ ಹೃತ್ಪೂರ್ವಕ ಸಾಂತ್ವನಗಳು. ಈ ವರ್ಷ ನಿಮ್ಮ ತಂಡ ಟಾಟನ್‌ಹ್ಯಾಮ್ ವಿರುದ್ಧ ನಾಲ್ಕು ಬಾರಿ ಆಡಿತು, ನಾಲ್ಕು ಬಾರಿಯೂ ಸೋತಿತು ಎಂಬುದನ್ನು ಯಾರೂ ಹೇಳದಿದ್ದರೆ ದಾಖಲೆ ಅಪೂರ್ಣವಾಗುತ್ತದೆಂದು ಬರೆಯುತ್ತಿದ್ದೇನೆ.

ಚಿಕ್ಕಪ್ಪ: ಬಿಲ್ಬಾವೊದ ಫೈನಲ್‌ನಲ್ಲಿ ನಮ್ಮನ್ನೇ ಸೋಲಿಸಿ ಅಳಿಯಂದಿರ ಟಾಟನ್‌ಹ್ಯಾಮ್ ಯುರೋಪಾ ಲೀಗ್ ಕಪ್ ಗೆದ್ದು ಇನ್ನೂ ನಾಲ್ಕು ದಿನವಾಗಿದೆ. ಸಂತೋಷಪಡುವ ಹಕ್ಕು ಅವರಿಗಿದೆ. ಉತ್ತರಿಸದಿರುವ ಹಕ್ಕು ನನಗಿದೆ.

ನಾನು: ಅಣ್ಣ, ನೀನು ಕೊಟ್ಟ ಸಂಖ್ಯೆಗಳೆಲ್ಲ ಸರಿಯಾಗಿವೆ, ಆದರೆ ಅವುಗಳಿಂದ ನೀನು ತೆಗೆದ ತೀರ್ಮಾನ ತಲೆಕೆಳಗಾಗಿದೆ. ಈ ವರ್ಷದ 54 ಗೋಲುಗಳನ್ನು ಒಬ್ಬರೇ ಕೋಚ್‌ನ ಲೆಕ್ಕಕ್ಕೆ ಬರೆಯಲಾಗದು. ಅಕ್ಟೋಬರ್ ಕೊನೆಯಲ್ಲಿ ಎರಿಕ್ ಟೆನ್ ಹಾಗ್ ಅವರನ್ನು ತೆಗೆಯುವ ಹೊತ್ತಿಗೆ ತಂಡ 9 ಪಂದ್ಯಗಳಲ್ಲಿ 8 ಗೋಲು ಹೊಡೆದು 11 ಬಿಟ್ಟುಕೊಟ್ಟಿತ್ತು. ಹಂಗಾಮಿಯಾಗಿ ಬಂದ ವಾನ್ ನಿಸ್ಟೆಲ್‌ರೂಯ್ ಅವರ ಎರಡು ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ಉಳಿದ 27 ಪಂದ್ಯಗಳು ಅಮೊರಿಮ್ ಅವರವು. ಅವುಗಳಲ್ಲಿ ಹೊಡೆದದ್ದು 32, ಬಿಟ್ಟುಕೊಟ್ಟದ್ದು 42, ಗಳಿಸಿದ ಅಂಕ 27. ಅಂದರೆ ಹೊಸ ಕೋಚ್ ಬಂದ ಮೇಲೆ ಗೋಲು ಹೊಡೆಯುವುದು ಸ್ವಲ್ಪ ಹೆಚ್ಚಾಯಿತು, ಗೋಲು ಬಿಟ್ಟುಕೊಡುವುದು ಅದಕ್ಕಿಂತಲೂ ಹೆಚ್ಚಾಯಿತು. ಟೆನ್ ಹಾಗ್ ಕಾಲದ ಒಂಬತ್ತರಲ್ಲಿ ನಾಲ್ಕು ಪಂದ್ಯಗಳಲ್ಲಿ ಎದುರಾಳಿಗೆ ಒಂದೂ ಗೋಲು ಸಿಕ್ಕಿರಲಿಲ್ಲ. ಅಮೊರಿಮ್ ಕಾಲದ ಇಪ್ಪತ್ತೇಳರಲ್ಲಿ ಅಂಥವು ಇಂದಿನದೂ ಸೇರಿ ಐದೇ. ಹಿಂದೆ ಒಬ್ಬ ಡಿಫೆಂಡರನ್ನು ಹೆಚ್ಚಿಸಿದ ಮೇಲೆ ಡಿಫೆನ್ಸ್ ಕೆಟ್ಟಿತು ಎಂಬ ವಿಚಿತ್ರವನ್ನು ವಿವರಿಸಬೇಕಾದವನು ನೀನು.

ಅಣ್ಣ: ವಿವರಿಸುತ್ತೇನೆ. ಆ 42ರಲ್ಲಿ 8 ಗೋಲುಗಳು ಎರಡೇ ಪಂದ್ಯಗಳಲ್ಲಿ ಬಂದವು. ನ್ಯೂಕಾಸಲ್ ವಿರುದ್ಧ ನಾಲ್ಕು, ಬ್ರೆಂಟ್‌ಫರ್ಡ್ ವಿರುದ್ಧ ನಾಲ್ಕು. ಎರಡೂ ಯುರೋಪಾ ಲೀಗ್‌ನ ನಾಕೌಟ್ ಪಂದ್ಯಗಳ ನಡುವೆ ಸಿಕ್ಕಿಕೊಂಡಿದ್ದವು. ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡದೆ ಬೇರೆ ದಾರಿಯಿರಲಿಲ್ಲ.

ನಾನು: ಒಪ್ಪಿದೆ, ಅವೆರಡನ್ನೂ ಬಿಟ್ಟುಬಿಡು. 25 ಪಂದ್ಯಗಳಲ್ಲಿ 34 ಗೋಲುಗಳು ಉಳಿಯುತ್ತವೆ, ಅಂದರೆ ಪಂದ್ಯಕ್ಕೆ 1.36. ಟೆನ್ ಹಾಗ್ ಅವರದು 1.22. ನಿನಗೆ ಬೇಡವಾದ ಪಂದ್ಯಗಳನ್ನೆಲ್ಲ ಕಿತ್ತುಹಾಕಿದ ಮೇಲೂ ಲೆಕ್ಕ ನಿನ್ನ ಕಡೆಗೆ ಬರುವುದಿಲ್ಲ.

ದೊಡ್ಡಪ್ಪ: ನಾನು ಈ ಆಟವನ್ನು ನೋಡುವುದಿಲ್ಲ. ಆದರೆ ದಶಮಾಂಶದವರೆಗೆ ಹೋಗಿ ಜಗಳವಾಡುವ ಕುಟುಂಬದಲ್ಲಿ ಹುಟ್ಟಿದ್ದಕ್ಕೆ ಹೆಮ್ಮೆಯಾಗುತ್ತದೆ. ಮುಂದುವರಿಸಿ.

ಕಾಲೇಜು ತಂಡದಲ್ಲಿ ಗೋಲ್‌ಕೀಪರ್ ಆಗಿದ್ದ ಅಕ್ಕ ಅಲ್ಲಿಯವರೆಗೆ ಎಲ್ಲವನ್ನೂ ಓದುತ್ತ ಸುಮ್ಮನಿದ್ದಳು. ಅವಳು ಬರೆಯಲು ಆರಂಭಿಸಿದಳೆಂದರೆ ನಾವು ಉಳಿದವರು ಸ್ವಲ್ಪ ಹೊತ್ತು ಫೋನ್ ಕೆಳಗಿಡುತ್ತೇವೆ.

ಅಕ್ಕ: ನೀವಿಬ್ಬರೂ ಮೂವರೋ ನಾಲ್ವರೋ ಎಂದು ಎಣಿಸುತ್ತಿದ್ದೀರಿ. ಡಿಸೆಂಬರ್ ತಿಂಗಳನ್ನು ಮಾತ್ರ ನೆನಪಿಸಿಕೊಳ್ಳಿ. 4ರಂದು ಆರ್ಸೆನಲ್ ವಿರುದ್ಧ ಎರಡು ಗೋಲು, ಎರಡೂ ಕಾರ್ನರ್‌ನಿಂದ, ಅಂದರೆ ಮೈದಾನದ ಮೂಲೆಯಿಂದ ಒದ್ದ ಚೆಂಡಿನಿಂದ. 7ರಂದು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಎರಡನೆಯ ನಿಮಿಷದಲ್ಲೇ ಮಿಲೆಂಕೊವಿಚ್ ಹೆಡರ್, ಅದೂ ಕಾರ್ನರ್‌ನಿಂದ. 19ರಂದು ಲೀಗ್ ಕಪ್‌ನಲ್ಲಿ ಟಾಟನ್‌ಹ್ಯಾಮ್‌ನ ಸೋನ್ ಹೊಡೆದ ಕಾರ್ನರ್ ಯಾರ ತಲೆಗೂ ತಾಗದೆ ನೇರವಾಗಿ ಬಲೆಗೆ ಹೋಯಿತು. ಒಂದೇ ವಾರದಲ್ಲಿ, 26ರಂದು, ವುಲ್ವ್ಸ್‌ನ ಕುನ್ಯಾ ಕೂಡ ಅದನ್ನೇ ಮಾಡಿ ತೋರಿಸಿದರು. ಇಪ್ಪತ್ತೆರಡು ದಿನಗಳಲ್ಲಿ ಕಾರ್ನರ್‌ನಿಂದ ಐದು ಗೋಲು. ಕಾರ್ನರ್ ಹೊಡೆಯುವಾಗ ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು ಎಂಬ ನಿಮ್ಮ 3-4-3 ಎಲ್ಲಿರುತ್ತದೆ? ಹನ್ನೊಂದೂ ಜನ ಸುಮಾರು ಗೋಲಿನ ಮುಂದಿನ ಒಂದೇ ಪೆಟ್ಟಿಗೆಯೊಳಗೆ ಇರುತ್ತಾರೆ. ಅಲ್ಲಿ ಬೇಕಾದದ್ದು ಹತ್ತಿರದ ಕಂಬವನ್ನು ಕಾಯುವವನು ಯಾರು, ಗೋಲ್‌ಕೀಪರ್‌ನನ್ನು ಸುತ್ತುವರಿದು ನಿಂತವರನ್ನು ಸರಿಸುವವನು ಯಾರು, ಎಗರುವವನ ಜೊತೆಗೆ ಎಗರುವವನು ಯಾರು ಎಂಬ ಮೂರು ಉತ್ತರಗಳು ಮಾತ್ರ. ನನ್ನ ಮುಂದೆ ನಿಂತ ಇಬ್ಬರನ್ನು ನಮ್ಮ ಹುಡುಗಿಯರು ಸರಿಸದಿದ್ದರೆ ನಾನು ಕೈ ಎತ್ತುವುದಕ್ಕೂ ಆಗುತ್ತಿರಲಿಲ್ಲ. ಚೆಂಡು ತಲೆಯ ಮೇಲೆ ಹೋಗುವುದನ್ನು ನೋಡುತ್ತ ನಿಂತಿರುತ್ತಿದ್ದೆ. ನೋಡುವವರೆಲ್ಲ ಗೋಲ್‌ಕೀಪರ್‌ನನ್ನು ಬೈಯುತ್ತಾರೆ. ಇದು ಅಭ್ಯಾಸದ ಮೈದಾನದಲ್ಲಿ ಕಲಿಸಬಹುದಾದ ಕೆಲಸ, ಹಾಗಾಗಿ ಇದು ಕೋಚ್‌ನ ಖಾತೆಗೇ ಹೋಗಬೇಕು.

ಚಿಕ್ಕಪ್ಪ: ಇದನ್ನೇ ನಾನು ಹೇಳಿದ್ದು.

ಅಕ್ಕ: ಇಲ್ಲ ಚಿಕ್ಕಪ್ಪ, ನೀವು ಮೂವರು ಡಿಫೆಂಡರ್‌ಗಳು ಕಾರಣವೆಂದು ಹೇಳಿದಿರಿ. ನಾನು ಹೇಳುತ್ತಿರುವುದು ಬೇರೆ.

ಅಣ್ಣ: ಕಾರ್ನರ್ ವಿಷಯವನ್ನು ಒಪ್ಪುತ್ತೇನೆ. ಆದರೆ ಒಂದು ಮಾತನ್ನು ಗಮನಿಸಿ. ಕ್ಲಬ್ ಅಮೊರಿಮ್ ಅವರನ್ನು ಮ್ಯಾನೇಜರ್ ಎಂದು ನೇಮಿಸಲಿಲ್ಲ, ಮುಖ್ಯ ಕೋಚ್ ಎಂದು ನೇಮಿಸಿತು. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದರಲ್ಲಿ ಅವರದು ಹಲವು ಧ್ವನಿಗಳಲ್ಲಿ ಒಂದು. ಅವರು ನವೆಂಬರ್‌ನಲ್ಲಿ ಬಂದಾಗ ಕೈಗೆ ಸಿಕ್ಕದ್ದು ಹಿಂದೆ ನಾಲ್ವರು ಡಿಫೆಂಡರ್‌ಗಳ ಸಾಲಿಗಾಗಿ ಕೂಡಿಸಿದ ತಂಡ; ಋತುವಿಗೆ ಮುಂಚಿನ ತಯಾರಿಯ ಒಂದು ದಿನವೂ ಸಿಗಲಿಲ್ಲ. ಈ ಪದ್ಧತಿಯ ಜೀವವೇ ಅಂಚಿನಲ್ಲಿ ಹಿಂದೆ ಮುಂದೆ ಓಡುವ ವಿಂಗ್‌ಬ್ಯಾಕ್‌ಗಳು. ಎಡಗಡೆಗೆ ಬಲಗಾಲಿನ ಡಾಲೊ ಅವರನ್ನು ನಿಲ್ಲಿಸಿ ತಿಂಗಳುಗಟ್ಟಲೆ ದೂಡಿದ ಮೇಲೆ ಡೊರ್ಗು ಬಂದರು. ಅದೇ ಹೊತ್ತಿಗೆ, ಫೆಬ್ರವರಿ 2ರಂದು, ಡಿಫೆಂಡರ್ ಲಿಸಾಂಡ್ರೊ ಮಾರ್ಟಿನೆಜ್ ಮೊಣಕಾಲಿನ ಗಾಯದಿಂದ ಹೊರಬಿದ್ದರು. ಫರ್ಗುಸನ್ ನಮ್ಮ ತಂಡದ ಮ್ಯಾನೇಜರ್ ಆಗಿ 1986ರ ನವೆಂಬರ್‌ನಲ್ಲಿ ಬಂದರು. 1989-90ರಲ್ಲಿ ತಂಡ 13ನೆಯ ಸ್ಥಾನದಲ್ಲಿತ್ತು. ಆ ವರ್ಷವೇ ಅವರ ಮೊದಲ ಎಫ್‌ಎ ಕಪ್ ಬಂತು, ಲೀಗ್ ಗೆಲ್ಲಲು 1993ರವರೆಗೆ ಕಾಯಬೇಕಾಯಿತು. ಅಂದು ಚಿಕ್ಕಪ್ಪನಂಥವರ ಮಾತು ನಡೆದಿದ್ದರೆ ಚಿಕ್ಕಪ್ಪ ಈ ತಂಡದ ಅಭಿಮಾನಿಯೇ ಆಗುತ್ತಿರಲಿಲ್ಲ.

ಈ ಫರ್ಗುಸನ್ ವಾದ ನಮ್ಮ ಗುಂಪಿನಲ್ಲಿ ಹಿಂದಿನ ಐದು ಕೋಚ್‌ಗಳಿಗೂ ಬಳಕೆಯಾಗಿದೆ. ಮೋಯ್ಸ್ ಅವರಿಂದ ಟೆನ್ ಹಾಗ್ ಅವರವರೆಗೆ ಅಣ್ಣ ಒಂದಕ್ಷರವನ್ನೂ ಬದಲಿಸಿಲ್ಲ.

ನಾನು: ಅಣ್ಣ, ತಾಳ್ಮೆ ಬೇಕೆಂಬುದರಲ್ಲಿ ನನಗೂ ಚಿಕ್ಕಪ್ಪನಿಗೂ ಭಿನ್ನಾಭಿಪ್ರಾಯವಿದೆ, ನಾನು ಅವರನ್ನು ಮನೆಗೆ ಕಳಿಸೆನ್ನುವುದಿಲ್ಲ. ಕೈಗೆ ಸಿಕ್ಕ ತಂಡ ನಾಲ್ವರ ಸಾಲಿನದು ಎಂದು ನೀನೇ ಹೇಳಿದೆ. ಹಾಗಾದರೆ ಏಪ್ರಿಲ್‌ನಲ್ಲೂ ಆ ತಂಡವನ್ನು ಮೂವರ ಸಾಲಿಗೇ ಬಗ್ಗಿಸುತ್ತಿದ್ದದ್ದು ಏಕೆ? ನನ್ನ ತಕರಾರು ಹಿಂದಿನ ಮೂವರ ಮೇಲಿಲ್ಲ, ಅವರ ಮುಂದೆ ನಿಂತ ಇಬ್ಬರ ಮೇಲೂ ಇಲ್ಲ. ಆ ಇಬ್ಬರನ್ನು ಎದುರಾಳಿಯ ಮೂವರ ಮುಂದೆ ಪ್ರತಿ ವಾರ ನಿಲ್ಲಿಸಿದ ಹಟದ ಮೇಲಿದೆ. ಮಿಡ್‌ಫೀಲ್ಡ್‌ನಲ್ಲಿ ಇಬ್ಬರಿಗೆ ಮೂವರು ಎದುರಾದಾಗ ಒಬ್ಬ ಸದಾ ಬಿಡುವಾಗಿರುತ್ತಾನೆ. ಅವನನ್ನು ತಡೆಯಲು ಮೂವರು ಡಿಫೆಂಡರ್‌ಗಳಲ್ಲಿ ಒಬ್ಬ ಮುಂದೆ ಓಡಬೇಕು. ಅವನು ಬಿಟ್ಟುಹೋದ ಜಾಗಕ್ಕೆ ಪಕ್ಕದವನು ಸರಿಯಬೇಕು. ಅಲ್ಲಿಗೆ ವಿಂಗ್‌ಬ್ಯಾಕ್ ಒಳಗೆ ಬರಬೇಕು. ಆಗ ಅಂಚು ಖಾಲಿಯಾಗುತ್ತದೆ, ಚೆಂಡು ಆ ಅಂಚಿನಿಂದಲೇ ಬರುತ್ತದೆ. ನಾವು ಟಿವಿಯಲ್ಲಿ ನೋಡುವುದು ಕೊನೆಯಲ್ಲಿ ತಡವಾಗಿ ತಲುಪಿದ ಡಿಫೆಂಡರನ್ನು. ಅವನು ತಡವಾಗಿದ್ದು ಏಕೆ ಎಂಬುದು ಹತ್ತು ಸೆಕೆಂಡ್ ಹಿಂದೆ ಮೈದಾನದ ನಡುವೆ ತೀರ್ಮಾನವಾಗಿರುತ್ತದೆ.

ಅಣ್ಣ: ಹಾಗಾದರೆ ಯುರೋಪಾ ಲೀಗ್‌ನ ಲಿಯೋನ್ ಪಂದ್ಯ? ಅದನ್ನೂ ಇದೇ ಕೋಚ್ ಗೆದ್ದರಲ್ಲವೇ?

ಚಿಕ್ಕಪ್ಪ: ಲಿಯೋನ್ ಪಂದ್ಯದ ಹೆಸರೆತ್ತಬೇಡ, ನನ್ನ ರಕ್ತದೊತ್ತಡಕ್ಕೆ ಅದು ಒಳ್ಳೆಯದಲ್ಲ. ಸ್ವಂತ ಮೈದಾನದಲ್ಲಿ 2-0 ಮುಂದಿದ್ದವರು ಹೆಚ್ಚುವರಿ ಸಮಯದಲ್ಲಿ, ಅದೂ ಎದುರಾಳಿ ತಂಡದಲ್ಲಿ ಹತ್ತೇ ಜನ ಉಳಿದಿದ್ದಾಗ, 2-4 ಹಿಂದೆ ಬಿದ್ದರು. ಆಮೇಲೆ ಗೆದ್ದದ್ದು ಹೇಗೆ? ಡಿಫೆಂಡರ್ ಮಗ್ವೈರ್ ಅವರನ್ನು ಫಾರ್ವರ್ಡ್ ಆಗಿ ಮುಂದೆ ಕಳಿಸಿದ್ದರಿಂದ. ಪೆನಾಲ್ಟಿಯಿಂದ ಬ್ರೂನೊ, 120ನೆಯ ನಿಮಿಷದಲ್ಲಿ ಮೈನೂ, ಅದರ ಮರುಕ್ಷಣವೇ ಮಗ್ವೈರ್. ತನ್ನ ಪದ್ಧತಿಯನ್ನು ಕೋಚ್ ಮೂಟೆ ಕಟ್ಟಿಟ್ಟ ಆರೇಳು ನಿಮಿಷಗಳಲ್ಲಿ ಮೂರು ಗೋಲು ಬಂದವು. ಇಡೀ ವರ್ಷದಲ್ಲಿ ನಾನು ನಕ್ಕದ್ದು ಅದೊಂದೇ ರಾತ್ರಿ.

ನಾನು: ಚಿಕ್ಕಪ್ಪ, ಇಂದು ರಾತ್ರಿ ನೀವು ಬರೆದವುಗಳಲ್ಲಿ ಅತ್ಯಂತ ಉಪಯುಕ್ತವಾದ ಮಾತು ಇದು. ಅವರಿಗೆ ಬದಲಿಸಲು ಬರುತ್ತದೆ; ಸೋಲು ಕುತ್ತಿಗೆಗೆ ಬರುವವರೆಗೆ ಬದಲಿಸುವುದಿಲ್ಲ. ಬಿಲ್ಬಾವೊದ ಫೈನಲ್‌ನಲ್ಲಿ ಏನಾಯಿತು? 42ನೆಯ ನಿಮಿಷದಲ್ಲಿ ಎಡಗಡೆಯಿಂದ ಬಂದ ಒಂದು ಕ್ರಾಸ್, ಗೋಲಿನ ಮುಂದೆ ನಮ್ಮ ಲ್ಯೂಕ್ ಶಾ ಮತ್ತು ಟಾಟನ್‌ಹ್ಯಾಮ್‌ನ ಬ್ರೆನ್ನನ್ ಜಾನ್ಸನ್ ನಡುವಿನ ತೊಡಕು, ಚೆಂಡು ಒಳಗೆ. ಚಂದದ ಗೋಲೂ ಅಲ್ಲ. ಅದಾದ ಮೇಲೆ ಚೆಂಡು ಬಹುಪಾಲು ನಮ್ಮವರ ಕಾಲಲ್ಲೇ ಇತ್ತು. ಭಾವನವರ ಕೋಚ್ ಪೊಸ್ಟೆಕೊಗ್ಲು ತಮ್ಮ ಆಕ್ರಮಣದ ವ್ರತವನ್ನು ಆ ರಾತ್ರಿಯ ಮಟ್ಟಿಗೆ ಮುರಿದು, ಇಡೀ ತಂಡವನ್ನು ಹಿಂದಕ್ಕೆಳೆದು, ಕೊನೆಯಲ್ಲಿ ಇನ್ನೂ ಒಬ್ಬ ಡಿಫೆಂಡರನ್ನು ಇಳಿಸಿ ಬಾಗಿಲು ಹಾಕಿದರು. ನಮ್ಮವರು ಅದೇ ಆಕಾರದಲ್ಲಿ ಅದೇ ಬಾಗಿಲನ್ನು ತಟ್ಟುತ್ತಲೇ ಇದ್ದರು.

ಭಾವ: ತಟ್ಟಿದ್ದರಲ್ಲಿ ಒಮ್ಮೆ ಬಾಗಿಲು ಸ್ವಲ್ಪ ತೆರೆದದ್ದೂ ಉಂಟು. ನಿಮ್ಮ ಹೊಯ್ಲುಂಡ್ ಅವರ ಹೆಡರನ್ನು ನಮ್ಮ ವಾನ್ ಡೆ ವೆನ್ ಗೋಲು ಗೆರೆಯ ಮೇಲಿಂದ ಗಾಳಿಯಲ್ಲಿ ಹಾರಿ ಹೊರಗೆ ಒದ್ದಾಗ ನಾನು ಕುಳಿತಿದ್ದ ಕುರ್ಚಿ ಉರುಳಿತು. ಈ ವಿಷಯದಲ್ಲಿ ನಿಮ್ಮ ಅಕ್ಕನೇ ಸಾಕ್ಷಿ.

ಅಕ್ಕ: ಕುರ್ಚಿ ಉರುಳಿದ್ದು ನಿಜ. ಕಾಲು ಮುರಿದದ್ದನ್ನು ಅವರು ಬರೆದಿಲ್ಲ; ಕುರ್ಚಿಯದು.

ಅಂದಿನ ಮಾತು ಅಲ್ಲಿಗೆ ನಿಂತಿತು. ಚಿಕ್ಕಪ್ಪ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ, ಅಣ್ಣನೂ ಬದಲಿಸಲಿಲ್ಲ. ಜೂನ್ ಮೊದಲ ದಿನ ಕುನ್ಯಾ ಅವರನ್ನು ಕೊಳ್ಳಲು ಯುನೈಟೆಡ್ ಒಪ್ಪಂದ ಮಾಡಿಕೊಂಡ ಸುದ್ದಿ ಬಂದಾಗ ಅಕ್ಕ ಒಂದೇ ವಾಕ್ಯ ಬರೆದಳು: ಕಾರ್ನರ್‌ನಿಂದ ಗೋಲು ಬೀಳುವುದನ್ನು ತಡೆಯುವುದಕ್ಕಿಂತ ಹಾಗೆ ಹೊಡೆಯುವವರನ್ನೇ ಕೊಂಡುಬಿಡುವುದು ಸುಲಭವೆಂದು ಅವರಿಗೆ ತೋರಿರಬೇಕು. ಜೂನ್ 6ರಂದು ಮತ್ತೆ ಗುಂಪು ಎಚ್ಚರವಾಯಿತು.

ಭಾವ: ಕಪ್ ಗೆದ್ದು ಹದಿನಾರು ದಿನಗಳಾಗಿವೆ. ಇಂದು ಟಾಟನ್‌ಹ್ಯಾಮ್ ಪೊಸ್ಟೆಕೊಗ್ಲು ಅವರನ್ನು ಕೆಲಸದಿಂದ ತೆಗೆದಿದೆ. ಯಾರೂ ನಗಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ಅಣ್ಣ: ಭಾವ, ನಿಮ್ಮ ದುಃಖದಲ್ಲಿ ನಾನೂ ಭಾಗಿ. ಆದರೆ ಫೈನಲ್ ಸೋತ ಕೋಚ್ ಉಳಿದು, ಗೆದ್ದ ಕೋಚ್ ಹೋದರೆಂದರೆ ಈ ಕ್ಲಬ್‌ಗಳ ನ್ಯಾಯ ಎಂಥದು ಎಂದು ನೀವೇ ನೋಡಿ.

ನಾನು: ಅನ್ಯಾಯವೆಂದು ನನಗನ್ನಿಸುವುದಿಲ್ಲ. ಲೀಗ್‌ನಲ್ಲಿ 22 ಸೋಲು, ಬಿಟ್ಟುಕೊಟ್ಟ ಗೋಲುಗಳು 65. ಬಿಲ್ಬಾವೊದಲ್ಲಿ ಅವರು ಹಾಕಿದ ಬಾಗಿಲನ್ನು ನವೆಂಬರ್‌ನಲ್ಲೇ ಹಾಕಿದ್ದರೆ ಇಂದು ಅವರು ಕೆಲಸದಲ್ಲಿರುತ್ತಿದ್ದರು.

ಭಾವ: ಆ 65ರಲ್ಲಿ ಒಂದೂ ಬಿಲ್ಬಾವೊದಲ್ಲಿ ಬರಲಿಲ್ಲ. ನನಗೆ ಅಷ್ಟು ಸಾಕು.

ಚಿಕ್ಕಪ್ಪ: ಅಳಿಯಂದಿರೇ, ಈ ಎರಡು ವಾರದಲ್ಲಿ ನಾನು ಆ ಅಂಕಪಟ್ಟಿಯ ಕತ್ತರಿಸದ ಪ್ರತಿಯನ್ನು ಹುಡುಕಿದೆ. ನಮಗಿಂತ ಎರಡು ಸಾಲು ಕೆಳಗೆ, ಹದಿನೇಳನೆಯ ಸ್ಥಾನದಲ್ಲಿ, ನಿಮ್ಮ ತಂಡವಿದೆ. ಕೆಂಪು ವೃತ್ತವನ್ನು ನಾನೇ ಸ್ವತಃ ಎಳೆದಿದ್ದೇನೆ, ಸ್ವಲ್ಪ ಸೊಟ್ಟಗಾಗಿದೆ. ಚಿತ್ರವನ್ನು ಈಗ ಕಳಿಸುತ್ತಿದ್ದೇನೆ.