ತೋಟದ ಟ್ರಾಲಿ ಹಳಿಗೆ ಕಬ್ಬಿಣದ ಸ್ಲೀಪರ್: ಕಂಬಿ ಅಗಲ ಆಗದ ಹಾಗೆ ಹಿಡಿಸುವುದು ಹೇಗೆ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ತೋಟ ಕೆಳಗೆ ಕಣಿವೆಯಲ್ಲಿದೆ, ಮನೆಯ ಅಂಗಳ ಮೇಲೆ. ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಹೊರೆ ಹೊರುವವರು ಸಿಗುವುದಿಲ್ಲ. ಅಪ್ಪನಿಗೆ 71 ವರ್ಷ. ಅವರೇ ಹೊರಲು ಹೋಗುತ್ತಾರೆ, ನೋಡಲಿಕ್ಕೆ ಆಗುವುದಿಲ್ಲ.

ಹಾಗಾಗಿ ಹೋದ ವರ್ಷ 140 ಮೀಟರ್ ಟ್ರಾಲಿ ಹಳಿ ಹಾಕಿಸಿದೆ. ಗುಜರಿಯಲ್ಲಿ ಗಜಕ್ಕೆ 30 ಪೌಂಡ್ ತೂಗುವ ಹಳೇ ಕಂಬಿ ಸಿಕ್ಕಿತು, ಮೀಟರಿಗೆ ಹೆಚ್ಚುಕಮ್ಮಿ 15 ಕೆಜಿ. ಒಂದೊಂದು ತುಂಡು 6 ಮೀಟರ್. ಗೇಜು, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 2 ಅಡಿ. ಏರು 12 ಅಡಿಗೆ 1 ಅಡಿ. ಮೇಲೆ ವಿಂಚ್ ಇದೆ, ಹಗ್ಗದಲ್ಲಿ ಎಳೆಯುತ್ತೇವೆ. ತುಂಬಿದ ಟ್ರಾಲಿ 400 ಕೆಜಿ ಬರುತ್ತದೆ.

ಸ್ಲೀಪರ್ (ಎರಡೂ ಕಂಬಿಯ ಕೆಳಗೆ ಅಡ್ಡ ಹಾಕುವ ತುಂಡು) ಅಂತ 65 ಮಿಮೀ ಅಗಲ, 8 ಮಿಮೀ ದಪ್ಪದ ಕಬ್ಬಿಣದ ಪಟ್ಟಿ ಹಾಕಿ, ಮೀಟರಿಗೊಂದರಂತೆ ಕಂಬಿಗೆ ನೇರ ವೆಲ್ಡ್ ಮಾಡಿಸಿದೆ. ಕಂಬಿಯ ಜಾಯಿಂಟುಗಳನ್ನೂ ವೆಲ್ಡ್ ಮಾಡಿಸಿದೆ. ಒಂದು ಮಳೆಗಾಲ ಕಳೆಯಿತು. ಈಗ ಸುಮಾರು ಮೂರರಲ್ಲಿ ಒಂದು ವೆಲ್ಡ್ ಬಿಟ್ಟಿದೆ. ತಿರುವಿನಲ್ಲಿ ಗೇಜು 20 ಮಿಮೀ ಅಗಲ ಆಗಿ ಟ್ರಾಲಿ ಎರಡು ಸಲ ಬಿತ್ತು. ನನಗೆ ಅರ್ಥ ಆಗದ್ದು ಏನೆಂದರೆ, ಸರಿದಿರುವುದು ತಿರುವಿನ ಹೊರಗಿನ ಕಂಬಿ ಅಲ್ಲ, ಒಳಗಿನದು. ಇಡೀ ಹಳಿಯೇ ಸ್ವಲ್ಪ ಸ್ವಲ್ಪ ಕೆಳಗೆ ಜಾರಿದ ಹಾಗೂ ಕಾಣುತ್ತದೆ.

ಮರದ ಸ್ಲೀಪರ್ ಬೇಡ, ಗೆದ್ದಲು ಜಾಸ್ತಿ. ಕಬ್ಬಿಣದಲ್ಲೇ ಸರಿಯಾಗಿ ಮಾಡುವ ದಾರಿ ಬೇಕು. ದಯವಿಟ್ಟು ತಿಳಿದವರು ಹೇಳಿ.

ಹಳೇ ಕೀಮ್ಯಾನ್:

ನಾನು ಮೀಟರ್‌ಗೇಜ್ ಕಾಲದಲ್ಲಿ ರೈಲ್ವೆ ಗ್ಯಾಂಗಿಗೆ ಸೇರಿದವನು. ಆಮೇಲೆ ಕೀಮ್ಯಾನ್ ಆಗಿ ನಿವೃತ್ತನಾದೆ. ಬೆಳಗ್ಗೆ ಎದ್ದು ನನ್ನ ಬೀಟು ಪೂರ್ತಿ ನಡೆದು, ಸಡಿಲ ಆದ ಕೀ (ಕಂಬಿಯನ್ನು ಸ್ಲೀಪರಿಗೆ ಬಿಗಿಯುವ ಬೆಣೆ) ಹೊಡೆದು ಕೂರಿಸುವುದೇ ಕೆಲಸ. ಆಗ ನಮ್ಮಲ್ಲಿ ಕಬ್ಬಿಣದ ಸ್ಲೀಪರುಗಳು ಬೇಕಾದಷ್ಟಿದ್ದವು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಪಟ್ಟಿಯ ವಿಷಯ. ರೈಲ್ವೆಯ ಉಕ್ಕಿನ ಸ್ಲೀಪರ್ ಯಾವತ್ತೂ ಚಪ್ಪಟೆ ಇರಲಿಲ್ಲ. ಬೋರಲು ಹಾಕಿದ ದೋಣಿಯ ಹಾಗಿರುತ್ತದೆ, ಟ್ರಫ್ ಅಂತೀವಿ. ಎರಡೂ ತುದಿ ಕೆಳಕ್ಕೆ ಬಗ್ಗಿರುತ್ತದೆ. ದೋಣಿಯ ಹೊಟ್ಟೆಯೊಳಗೆ ಜಲ್ಲಿ ತುಂಬಿ ಗಟ್ಟಿ ಕೂತಮೇಲೆ ಅದನ್ನು ಪಕ್ಕಕ್ಕೆ ಸರಿಸಬೇಕಾದರೆ ಒಳಗಿನ ಜಲ್ಲಿಯನ್ನೂ ಜೊತೆಗೆ ತಳ್ಳಬೇಕು. ಬ್ರಾಡ್‌ಗೇಜಿನ ಉಕ್ಕಿನ ಸ್ಲೀಪರ್ ಸುಮಾರು 80 ಕೆಜಿ, ಈಗಿನ ಕಾಂಕ್ರೀಟಿನದು 250 ಕೆಜಿಗೂ ಮೇಲೆ. ಅಷ್ಟು ಹಗುರ ಇದ್ದದ್ದು ಜಾಗ ಬಿಡದೆ ಕೂತಿದ್ದು ಆ ಆಕಾರದಿಂದಲೇ. ನಿಮ್ಮ ಪಟ್ಟಿ ಮಣ್ಣಿನ ಮೇಲೆ ಹಲಗೆ ಇಟ್ಟ ಹಾಗೆ. ಮಳೆ ಬಂದರೆ ಜಾರದೆ ಇನ್ನೇನು ಮಾಡುತ್ತದೆ?

ಎರಡನೆಯದು ವೆಲ್ಡ್. ಕಂಬಿ ಬಿಸಿಲಿಗೆ ಉದ್ದ ಆಗುತ್ತದೆ. ಡಿಸೆಂಬರಿನ ಬೆಳಗಿನ ಜಾವಕ್ಕೂ ಏಪ್ರಿಲಿನ ಮಧ್ಯಾಹ್ನಕ್ಕೂ ಕಂಬಿಯ ಕಾವಿನಲ್ಲಿ 40 ಡಿಗ್ರಿ ವ್ಯತ್ಯಾಸ ಬಂದೇ ಬರುತ್ತದೆ. ಅಷ್ಟಕ್ಕೆ 140 ಮೀಟರ್ ಕಂಬಿ 64 ಮಿಮೀ ಬೆಳೆಯಲು ನೋಡುತ್ತದೆ. ಎರಡೂವರೆ ಇಂಚು! ನೀವು ಜಾಯಿಂಟನ್ನೂ ಬೆಸೆದಿದ್ದೀರಿ, ಸ್ಲೀಪರಿಗೂ ಬೆಸೆದಿದ್ದೀರಿ. ಅದಕ್ಕೆ ಹೋಗಲು ಜಾಗ ಎಲ್ಲಿದೆ? ಅದು ವೆಲ್ಡ್ ಹರಿದುಕೊಂಡೇ ಹೋಗುತ್ತದೆ. ಕಂಬಿಯನ್ನು ಪಕ್ಕಕ್ಕೆ ಹೋಗಲು ಬಿಡಬಾರದು, ಮೇಲಕ್ಕೆ ಏಳಲು ಬಿಡಬಾರದು. ಉದ್ದಕ್ಕೆ ಒಂಚೂರು ಉಸಿರಾಡಲು ಬಿಡಲೇಬೇಕು.

ಒಳಗಿನ ಕಂಬಿ ಯಾಕೆ ಸರಿಯಿತು ಅಂದಿರಿ. ಹಗ್ಗ ಯಾವಾಗಲೂ ನೇರ ಹೋಗಲು ನೋಡುತ್ತದೆ. ತಿರುವಿನಲ್ಲಿ ವಿಂಚ್ ಎಳೆದಾಗ ಟ್ರಾಲಿಯನ್ನು ಒಳಕ್ಕೇ ಜಗ್ಗುತ್ತದೆ. ಆಗ ಚಕ್ರದ ಅಂಚು ಒಳಗಿನ ಕಂಬಿಯನ್ನು ನೂಕುತ್ತದೆ. ರೈಲಿನಲ್ಲಿ ವೇಗಕ್ಕೆ ಹೊರಗಿನ ಕಂಬಿಗೆ ಒತ್ತು ಜಾಸ್ತಿ, ನಿಮ್ಮಲ್ಲಿ ಉಲ್ಟಾ. ತಿರುವಿನ ಉದ್ದಕ್ಕೂ ಹಗ್ಗಕ್ಕೆ ನಿಲುವು ರೋಲರ್ ಹಾಕಿಸಿ. ಇಲ್ಲದಿದ್ದರೆ ಎಂಥ ಸ್ಲೀಪರ್ ಹಾಕಿದರೂ ಅದಕ್ಕೆ ಸುಸ್ತಾಗುತ್ತದೆ.

ಈಗ ಮಾಡಬೇಕಾದ್ದು. ಸಿ ಚಾನೆಲ್ (ಬೆನ್ನು, ಎರಡು ಕಾಲು ಇರುವ ಉಕ್ಕಿನ ತೊಲೆ) ತಗೊಳ್ಳಿ. ನೇರ ಇರುವಲ್ಲಿ 75 ಮಿಮೀಯದು ಸಾಕು, ತಿರುವಿನಲ್ಲಿ 100 ಮಿಮೀಯದು ಹಾಕಿ. ಉದ್ದ 1.1 ಮೀಟರ್. ಕಾಲು ಕೆಳಗೆ ಮಾಡಿ ಬೋರಲು ಹಾಕಿ. ಎರಡೂ ತುದಿಗೆ ಪ್ಲೇಟ್ ಬೆಸೆದು ಬಾಯಿ ಮುಚ್ಚಿ. ಆ ಪ್ಲೇಟು ಚಾನೆಲಿನ ಕಾಲಿಗಿಂತ ಎರಡು ಇಂಚು ಕೆಳಗೆ ಇಳಿದಿರಲಿ. ನೆಲವನ್ನು ಕಚ್ಚಿ ಹಿಡಿಯುವುದು ಅದೇ. ಮೀಟರಿಗೊಂದು ಸಾಲದು. ಈಗಿನ ಮೇನ್ ಲೈನಿನಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಹಾಕುತ್ತಾರೆ, ಅಂದರೆ 60 ಸೆಂಮೀಗೆ ಒಂದು. ನೀವೂ ಹಾಗೇ ಮಾಡಿ, ತಿರುವಿನಲ್ಲಿ 50ಕ್ಕೆ ತನ್ನಿ.

ರೈಲ್ವೆ ಸ್ಲೀಪರಿನಲ್ಲಿ ಕಂಬಿ 20ಕ್ಕೆ 1ರಷ್ಟು ಒಳಗೆ ವಾಲಿರುತ್ತದೆ. ರೈಲಿನ ಚಕ್ರ ಓರೆ ಇರುವುದರಿಂದ ಅದು ಬೇಕು. ನಿಮ್ಮ ಟ್ರಾಲಿ ಚಕ್ರ ಲೇತಿನಲ್ಲಿ ನೇರ ಕಡೆದದ್ದಾದರೆ ಕಂಬಿಯನ್ನೂ ನೇರ ನಿಲ್ಲಿಸಿ.

ಜಲ್ಲಿ ಮುಕ್ಕಾಲು ಇಂಚಿನದು ಸಾಕು. ರೈಲ್ವೆಯ ದಪ್ಪ ಜಲ್ಲಿ ಸಣ್ಣ ಚಾನೆಲಿನ ಹೊಟ್ಟೆಗೆ ಹೋಗುವುದಿಲ್ಲ. ಜಲ್ಲಿ ಹರಡಿ ಅದರ ಮೇಲೆ ಸ್ಲೀಪರ್ ಇಟ್ಟು ಬಿಟ್ಟರೆ ಹೊಟ್ಟೆ ಖಾಲಿಯೇ ಉಳಿಯುತ್ತದೆ. ಕಂಬಿ ಸಮೇತ ಸ್ವಲ್ಪ ಎತ್ತಿ, ಎರಡೂ ಕಡೆಯಿಂದ ಓರೆಯಾಗಿ ಬೀಟರಿನಲ್ಲಿ (ಜಲ್ಲಿ ಗಿಡಿಯುವ ಪಿಕಾಸಿಯಂಥ ಸಲಕರಣೆ) ಹೊಡೆದು ತುಂಬಬೇಕು. ಕಂಬಿಯ ಕೆಳಗೆ ಗಟ್ಟಿ, ನಡುವೆ ಸಡಿಲ. ನಡುವೆಯೂ ಗಟ್ಟಿ ಮಾಡಿದರೆ ಸ್ಲೀಪರ್ ತಕ್ಕಡಿಯ ಹಾಗೆ ಆಡುತ್ತದೆ. ನಾವು ಅತಿ ಹೆಚ್ಚು ಬೆವರು ಸುರಿಸಿದ್ದು ಈ ಕೆಲಸಕ್ಕೇ. ಒಂದು ಮಳೆ ಕಳೆದಮೇಲೆ ಇನ್ನೊಮ್ಮೆ ತುಂಬಬೇಕು, ಅದನ್ನು ತಪ್ಪಿಸಬೇಡಿ.

ಟ್ರಾಲಿ ಏರುವಾಗ ಅಪ್ಪ ಅದರ ಕೆಳಗಿನ ಇಳಿಜಾರಿನಲ್ಲಿ ನಿಲ್ಲದ ಹಾಗೆ ನೋಡಿಕೊಳ್ಳಿ.

ಹುಬ್ಬಳ್ಳಿ ಫ್ಯಾಬ್ರಿಕೇಶನ್:

ಹಿರಿಯರು ಹೇಳಿದ್ದಕ್ಕೆ ವೆಲ್ಡರ್ ಆಗಿ ಒಂದು ಮಾತು ಸೇರಿಸುತ್ತೇನ್ರಿ. ಹಳಿಯ ಉಕ್ಕಿನಲ್ಲಿ ಕಾರ್ಬನ್ ಜಾಸ್ತಿ. ಒಂದು ತುಂಡಿಗೆ ಗ್ರೈಂಡರ್ ಹಚ್ಚಿ ನೋಡ್ರಿ, ಕಿಡಿ ಹೂವಿನ ಹಾಗೆ ಒಡೆದು ಕವಲಾಗುತ್ತದೆ. ಸಾದಾ ಪಟ್ಟಿಗೆ ಹಚ್ಚಿದರೆ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಅಂಥ ಕಂಬಿಯನ್ನು ಮೊದಲು ಕಾಯಿಸದೆ ಸಾದಾ ರಾಡಿನಲ್ಲಿ ಬೆಸೆದರೆ ವೆಲ್ಡಿನ ಪಕ್ಕದ ಕಬ್ಬಿಣ ಗಾಜಿನ ಹಾಗೆ ಗಡಸಾಗಿ ಬಿರಿಯುತ್ತದೆ. ಬೆಸುಗೆ ಏನಿದ್ದರೂ ಸ್ಲೀಪರಿಗೆ ಮಾತ್ರ, ಕಂಬಿಗೆ ಬೇಡ.

ನಾನಾದರೆ ಹೀಗೆ ಮಾಡುತ್ತೇನೆ. ಕಂಬಿಯ ಪಾದದ (ಕೆಳಗಿನ ಅಗಲ ಭಾಗದ) ಎರಡೂ ಪಕ್ಕಕ್ಕೆ ಒಂದೊಂದು ಸ್ಟಾಪ್ ತುಂಡನ್ನು ಚಾನೆಲಿಗೆ ಬೆಸೆಯುತ್ತೇನೆ. ಅದರ ಮೇಲೆ ಒಂದು ಕ್ಲಿಪ್, ಅದಕ್ಕೆ 16 ಮಿಮೀ ಬೋಲ್ಟು, ಸ್ಪ್ರಿಂಗ್ ವಾಷರ್. ಪಕ್ಕಕ್ಕೆ ನೂಕುವುದನ್ನು ಸ್ಟಾಪ್ ತಡೆಯಲಿ, ಮೇಲಕ್ಕೆ ಏಳುವುದನ್ನು ಕ್ಲಿಪ್ ತಡೆಯಲಿ. ಬೋಲ್ಟಿಗೇ ಎರಡೂ ಕೆಲಸ ಕೊಟ್ಟರೆ ತೂತು ಅಗಲ ಆಗುತ್ತಾ ಹೋಗುತ್ತದೆ, ಗೇಜು ಮತ್ತೆ ಹೋಯಿತು. ಕ್ಲಿಪ್ಪಿನ ಮೂಗು ಪಾದದ ಮೇಲೆ ಕೂರಬೇಕು. ಕ್ಲಿಪ್ ಸ್ಟಾಪಿನ ಮೇಲೆ ಪೂರ್ತಿ ಕೂತು ಮೂಗು ಗಾಳಿಯಲ್ಲಿದ್ದರೆ ಎಷ್ಟು ಬಿಗಿದರೂ ಕಂಬಿಯನ್ನು ಹಿಡಿಯುವುದಿಲ್ಲ. ತೂತನ್ನು ಡ್ರಿಲ್‌ನಲ್ಲೇ ಹಾಕಿಸಿ. ಗ್ಯಾಸ್‌ನಲ್ಲಿ ಊದಿದ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಒಂದು ಜಿಗ್ (ಎಲ್ಲವೂ ಒಂದೇ ಅಳತೆಗೆ ಬರುವಂತೆ ಹಿಡಿಯುವ ಚೌಕಟ್ಟು) ಮಾಡಿಕೊಂಡು ಅದರಲ್ಲೇ ಎಲ್ಲ ಸ್ಟಾಪ್ ಕೂರಿಸಿ. ಟೇಪ್ ಹಿಡಿದು ಒಂದೊಂದೇ ಅಳೆಯಲು ಹೋಗಬೇಡಿ, ಐವತ್ತನೆಯದು ಬರುವಷ್ಟರಲ್ಲಿ ಕಣ್ಣು ಸೋಲುತ್ತದೆ. ನಿಮ್ಮ ಹಳೇ 8 ಮಿಮೀ ಪಟ್ಟಿಯನ್ನು ಮಾರಬೇಡಿ. ಕತ್ತರಿಸಿದರೆ ಕ್ಲಿಪ್ಪಿಗೂ ಸ್ಟಾಪಿಗೂ ಅದೇ ಆಗುತ್ತದೆ.

ತೋಟದಮನೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗ್ರೈಂಡರ್ ಹಚ್ಚಿ ನೋಡಿದೆ, ಕಿಡಿ ನೀವು ಹೇಳಿದ ಹಾಗೇ ಬಂತು. ತಿರುವು 22 ಮೀಟರ್ ಇದೆ, 45 ಸ್ಲೀಪರ್ ಬೇಕಾಗುತ್ತದೆ. ದುಡ್ಡಿನ ಅಡಚಣೆ ಇರುವುದರಿಂದ ಮೊದಲು ಅಷ್ಟು ಮಾಡಿಸುತ್ತೇನೆ.

ಕೀಮ್ಯಾನ್ ಸರ್, ಎರಡು ಸಂಶಯ. ಕಂಬಿ ಉದ್ದಕ್ಕೆ ಉಸಿರಾಡಬೇಕು ಅಂದಿರಿ. ಆದರೆ ಇಳಿಜಾರಿನಲ್ಲಿ ಸಡಿಲ ಬಿಟ್ಟರೆ ಪೂರ್ತಿ ಕೆಳಗೇ ಜಾರುವುದಿಲ್ಲವಾ? ಮತ್ತೆ, ಕಬ್ಬಿಣದ ಸ್ಲೀಪರ್ ಇಷ್ಟು ಒಳ್ಳೆಯದಾದರೆ ರೈಲ್ವೆಯವರು ಯಾಕೆ ಬಿಟ್ಟರು?

ಹಳೇ ಕೀಮ್ಯಾನ್:

ಬಿಡಲು ಕಾರಣಗಳಿವೆ. ಸಿಗ್ನಲಿಗೆ ಎರಡು ಕಂಬಿಯಲ್ಲೂ ಕರೆಂಟ್ ಹರಿಸುತ್ತಾರೆ. ನಡುವೆ ಕಬ್ಬಿಣ ಇದ್ದರೆ ಒಂದಕ್ಕೊಂದು ಸೇರಿಹೋಗುತ್ತದೆ. ಜೊತೆಗೆ ತುಕ್ಕು, ಕಂಬಿ ಕೂರುವ ಜಾಗದಲ್ಲಿ ಬಿರುಕು. ಉದ್ದುದ್ದ ಬೆಸೆದ ಕಂಬಿಯನ್ನು ಅಲುಗದಂತೆ ಹಿಡಿಯಲು ಕಾಂಕ್ರೀಟಿನ ತೂಕವೂ ಬೇಕು. ಆದರೆ ಗರ್ಡರ್ ಸೇತುವೆಗಳ ಮೇಲೆ ಉಕ್ಕಿನ ಚಾನೆಲ್ ಸ್ಲೀಪರ್ ಈಗಲೂ ಇದೆ. ನಿಮ್ಮ ತೋಟದಲ್ಲಿ ಸಿಗ್ನಲ್ ಇಲ್ಲ, ಕಬ್ಬಿಣ ಧಾರಾಳ ಆಗುತ್ತದೆ.

ಜಾರುವ ವಿಷಯ ಒಳ್ಳೆಯ ಪ್ರಶ್ನೆ. ನಾವು ಕೀ ಹೊಡೆಯುವಾಗ ಕಂಬಿ ಯಾವ ಕಡೆ ಜಾರುತ್ತದೋ ಆ ದಿಕ್ಕಿಗೇ ಹೊಡೆಯುತ್ತಿದ್ದೆವು. ಕೀ ಬೆಣೆಯ ಹಾಗಿರುತ್ತದೆ. ಕಂಬಿ ಜಾರಿದರೆ ಕೀಯನ್ನೂ ಎಳೆದುಕೊಂಡು ಹೋಗುತ್ತದೆ, ಕೀ ಇನ್ನೂ ಬಿಗಿಯಾಗುತ್ತದೆ. ಹೊಸದಾಗಿ ಸೇರಿದಾಗ ನಮ್ಮ ಮೇಸ್ತ್ರಿ ಇದನ್ನು ಬೆರಳ ಸಂದಿಯಲ್ಲಿ ಕಡ್ಡಿ ಇಟ್ಟು ತೋರಿಸಿದ್ದರು. ನನಗೆ ಇವತ್ತಿಗೂ ಕಣ್ಣ ಮುಂದಿದೆ.

ನಿಮ್ಮದು ಬೋಲ್ಟ್, ಹಾಗಾಗಿ ಬೇರೆ ದಾರಿ. ಜಾಯಿಂಟ್ ವೆಲ್ಡ್ ಕತ್ತರಿಸಿ ಫಿಶ್ ಪ್ಲೇಟ್ (ಎರಡು ಕಂಬಿಯ ತುದಿ ಕೂಡಿಸಿ ಬೋಲ್ಟ್ ಹಾಕುವ ಪಟ್ಟಿ) ಹಾಕಿ. ತೂತು ಉದ್ದನೆಯದಿರಲಿ. ಬೆಳಗಿನ ತಂಪಿನಲ್ಲಿ 3 ಮಿಮೀ ತಗಡಿನ ತುಂಡು ನಡುವೆ ಇಟ್ಟು ಕೂಡಿಸಿ, ಆಮೇಲೆ ತುಂಡನ್ನು ತೆಗೆದುಬಿಡಿ. 6 ಮೀಟರ್ ಕಂಬಿಗೆ ಅಷ್ಟು ಸಂದು ಸಾಕು. ಪ್ರತಿ ತುಂಡಿನ ನಟ್ಟನಡುವಿನ ಸ್ಲೀಪರಿನ ಹತ್ತಿರ, ಕಂಬಿಯ ಪಾದಕ್ಕೆ ಒಂದು ಕ್ಲಾಂಪ್ ಬಿಗಿಯಿರಿ. ಅದು ಸ್ಲೀಪರಿನ ಮೇಲ್ಗಡೆಯ ಪಕ್ಕಕ್ಕೆ ತಾಗಿರಬೇಕು. ಕಂಬಿ ಕೆಳಗೆ ಹೋಗಲು ನೋಡಿದರೆ ಕ್ಲಾಂಪ್ ಸ್ಲೀಪರಿಗೆ ಒರಗುತ್ತದೆ. ಆ ಸ್ಲೀಪರಿನ ಕೆಳಗಡೆಯ ಪಕ್ಕಕ್ಕೆ ಎರಡು ಆಂಗಲ್ ಗೂಟ ನೆಲಕ್ಕೆ ಹೊಡೆಯಿರಿ. ನಡು ಹಿಡಿದಿರುವುದರಿಂದ ಕಂಬಿ ಎರಡೂ ತುದಿಗೆ ಅರ್ಧರ್ಧ ಬೆಳೆಯುತ್ತದೆ.

ಕರಾವಳಿ ತೋಟ:

ನಮ್ಮಲ್ಲೂ ಚಿಕ್ಕ ಟ್ರಾಲಿ ಇದೆ. ಒಂದು ಎಚ್ಚರಿಕೆ ಮಾತ್ರ. ಟ್ರಾಲಿಯಲ್ಲಿ ಪೊಟ್ಯಾಷ್ ಚೀಲ ಸಾಗಿಸುತ್ತೀರಾ? ಅದರಲ್ಲಿ ಕ್ಲೋರೈಡ್ ಇದೆ, ಉಪ್ಪಿನ ಹಾಗೇ ಕಬ್ಬಿಣ ತಿನ್ನುತ್ತದೆ. ನಮ್ಮ ತೋಟದಲ್ಲಿ ಚೀಲ ಇಳಿಸುವ ಜಾಗದ ನಾಲ್ಕು ಸ್ಲೀಪರ್ ಮಾತ್ರ ಮೂರೇ ವರ್ಷಕ್ಕೆ ಹಾಳೆ ಹಾಳೆಯಾಗಿ ಎದ್ದವು, ಉಳಿದವು ಚೆನ್ನಾಗಿವೆ. 100ರ ಚಾನೆಲಿನ ಬೆನ್ನು 5 ಮಿಮೀ ಮಾತ್ರ ದಪ್ಪ, ತಿನ್ನಲು ಜಾಸ್ತಿ ಇಲ್ಲ. ರೆಡ್ ಆಕ್ಸೈಡ್ ಒಂದೇ ಸಾಲದು, ಅದರ ಮೇಲೆ ಎರಡು ಕೋಟ್ ಟಾರಿನ ಕಪ್ಪು ಬಣ್ಣ ಕೊಡಿ. ಹೊಟ್ಟೆಯೊಳಗೆ ಮೊದಲು ಬಳಿಯಿರಿ, ಹೂತಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಇಳಿಸುವ ಜಾಗದಲ್ಲಿ ನೀರು ನಿಲ್ಲದ ಹಾಗೆ ಪಕ್ಕಕ್ಕೊಂದು ಸಣ್ಣ ಕಾಲುವೆ ತೋಡಿ.

ತೋಟದಮನೆ:

ಏಳು ವಾರ ಆದಮೇಲೆ ಬರೆಯುತ್ತಿದ್ದೇನೆ. ತಿರುವು ಮುಗಿಯಿತು. 45 ಸ್ಲೀಪರ್, ಎಲ್ಲ ಒಂದೇ ಜಿಗ್ಗಿನಲ್ಲಿ. ರೋಲರ್ ನಾಲ್ಕು ಹಾಕಿಸಿದೆ. ಜಲ್ಲಿ ತುಂಬುವುದಕ್ಕೇ ಇಬ್ಬರಿಗೆ ಐದು ದಿನ ಹಿಡಿಯಿತು, ನೀವು ಬೆವರು ಅಂದದ್ದು ಈಗ ಗೊತ್ತಾಯಿತು. ನಿನ್ನೆ ಗೇಜು ಅಳೆದೆ. ಎಲ್ಲೂ 2 ಮಿಮೀಗಿಂತ ಜಾಸ್ತಿ ಹೆಚ್ಚುಕಮ್ಮಿ ಇಲ್ಲ. ಈ ಸಲದ ಕೊಯ್ಲಿನಲ್ಲಿ ಟ್ರಾಲಿ ಒಂದು ಸಲವೂ ಬೀಳಲಿಲ್ಲ. ಅಪ್ಪ ಈಗ ಮೇಲೆ ವಿಂಚ್ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ಬೋಲ್ಟ್ ಸಡಿಲ ಆಗಿದೆಯೋ ಇಲ್ಲವೋ ಅಂತ ಪ್ರತಿಯೊಂದಕ್ಕೂ ಸ್ಪ್ಯಾನರ್ ಹಾಕಿ ನೋಡಬೇಕಾ ಸರ್?

ಹಳೇ ಕೀಮ್ಯಾನ್:

ಬೇಡ. ಅರ್ಧ ಕೆಜಿ ಸುತ್ತಿಗೆ ಹಿಡಿದು ಹಳಿಯ ಪಕ್ಕ ನಡೆಯಿರಿ. ಒಂದೊಂದು ಕ್ಲಿಪ್ಪಿಗೂ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಠಣ್ ಅನ್ನುತ್ತದೆ, ಸಡಿಲ ಆದದ್ದು ಡಬ್ ಅನ್ನುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಸಾಕು. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಎರಡು ದಿನದಲ್ಲಿ ಅವರ ಕಿವಿಗೆ ಗೊತ್ತಾಗುತ್ತದೆ.