85 ಸಾವಿರದೊಳಗೆ ಗೇಮ್ ಡೆವಲಪ್‌ಮೆಂಟ್‌ಗೆ ಯಾವ ಲ್ಯಾಪ್‌ಟಾಪ್? 4060 ಗ್ರಾಫಿಕ್ಸ್ ಚಿಪ್ ಇರಲೇಬೇಕಾ?

ದಾವಣಗೆರೆ_ಹುಡುಗ: ಬಿಸಿಎ ಕೊನೇ ವರ್ಷ. ಯೂನಿಟಿಯಲ್ಲಿ ಸಣ್ಣಪುಟ್ಟ ಮೊಬೈಲ್ ಗೇಮ್ ಮಾಡಿದೀನಿ, ಈಗ ಎಪಿಕ್ ಕಂಪನಿಯ ಗೇಮ್ ಎಂಜಿನ್ ಅನ್‌ರಿಯಲ್ 5 ಕಲೀಬೇಕು. ಒಂದು ಕಡೆ ಆರ್‌ಟಿಎಕ್ಸ್ 4060, 16 ಜಿಬಿ ರ‍್ಯಾಮ್. ಇನ್ನೊಂದು ಕಡೆ 4050 ತಗೊಂಡು 32 ಜಿಬಿ ಮಾಡಿಸ್ಕೊಳ್ಳೋದು. ಫ್ರೆಂಡ್ ಒಬ್ಬ ಮ್ಯಾಕ್‌ಬುಕ್ ಏರ್ ಅಂತಾನೆ. ಏನ್ ಮಾಡ್ಲಿ?

ಶೇಡರ್_ಶೆಟ್ರು: ಕಣ್ಣುಮುಚ್ಚಿ 4060 ತಗೊಳ್ಳಿ. ಅದರಲ್ಲಿ ವಿರ‍್ಯಾಮ್ (ಗ್ರಾಫಿಕ್ಸ್ ಚಿಪ್‌ನದೇ ಮೆಮೊರಿ) 8 ಜಿಬಿ, 4050ಯಲ್ಲಿ 6. ರ‍್ಯಾಮ್ ನಾಳೆ ಹಾಕಿಸ್ಬಹುದು, ವಿರ‍್ಯಾಮ್ ಯಾವತ್ತೂ ಹಾಕ್ಸೋಕಾಗಲ್ಲ.

ಮಲ್ಲಿಗೆ: ಶೆಟ್ರೇ, ನಾನು ದಿನಾ ಅನ್‌ರಿಯಲ್‌ನಲ್ಲೇ ಕೆಲಸ ಮಾಡೋಳು, ಇದನ್ನ ಒಪ್ಪಲ್ಲ. ಹೊಸ ಪ್ರಾಜೆಕ್ಟ್ ತೆರೆದ ತಕ್ಷಣ ಮೂಲೆಯಲ್ಲಿ "ಕಂಪೈಲಿಂಗ್ ಶೇಡರ್ಸ್" (ಬೆಳಕು, ಬಣ್ಣ ಲೆಕ್ಕ ಹಾಕೋ ಪುಟ್ಟ ಪ್ರೋಗ್ರಾಂಗಳ ತಯಾರಿ) ಅಂತ ಬಂದು ಸಾವಿರಾರು ಸಂಖ್ಯೆ ಇಳೀತಾ ಇರುತ್ತಲ್ಲ, ಆಗ ದುಡಿಯೋದು ಸಿಪಿಯು. ಸಿ++ ಬಿಲ್ಡ್ ಮಾಡೋವಾಗ ಖಾಲಿ ರ‍್ಯಾಮ್ ಎಷ್ಟಿದೆ ನೋಡ್ಕೊಂಡೇ ಒಟ್ಟಿಗೆ ಎಷ್ಟು ಫೈಲ್ ತಗೋಬೇಕು ಅಂತ ಅನ್‌ರಿಯಲ್ ತೀರ್ಮಾನ ಮಾಡುತ್ತೆ. ಎಡಿಟರ್, ಕೋಡ್ ಬರೆಯೋ ವಿಶುಯಲ್ ಸ್ಟುಡಿಯೋ, 3ಡಿ ಮಾಡೆಲ್ ಮಾಡೋ ಬ್ಲೆಂಡರ್, ಕ್ರೋಮ್ ನಾಲ್ಕೂ ತೆರೆದಿಟ್ರೆ 16 ಸಾಲಲ್ಲ. ಎಪಿಕ್‌ನವರೇ 32 ಅಂತಾರೆ.

ಶೇಡರ್_ಶೆಟ್ರು: ಅದೇ ಎಪಿಕ್‌ನವರು ವಿರ‍್ಯಾಮ್ 8 ಇರಲಿ ಅಂತಾನೂ ಹೇಳಿದಾರಲ್ಲ ಮೇಡಂ?

ಮಲ್ಲಿಗೆ: ಹೌದು. ಆದ್ರೆ ರ‍್ಯಾಮ್ ನಾಳೆ ಹಾಕ್ಸಿದ್ರಾಯ್ತು ಅನ್ನೋ ಕಾಲ ಹೋಯ್ತು. 2025ರ ಕೊನೆಯಿಂದ ಡಿಡಿಆರ್5 ರ‍್ಯಾಮ್ ಬೆಲೆ ಹೇಗೆ ಏರಿದೆ ನೋಡಿದೀರಲ್ಲ. ಓದೋ ಹುಡುಗ ಆಮೇಲೆ ಎಲ್ಲಿಂದ ತರ್ತಾನೆ?

ಧಾರವಾಡದಾಂವ: ಎಲ್ಲಾರೂ 4060, 4060 ಅಂತೀರಿ, ಎಷ್ಟ್ ವ್ಯಾಟಿಂದು ಅಂತ ಯಾರೂ ಕೇಳವಲ್ರಿ. ಲ್ಯಾಪ್‌ಟಾಪಿನ್ಯಾಗ ಅದೇ ಚಿಪ್ 35 ವ್ಯಾಟಿಂದ 115ರ ತನಕ ಬರ್ತೈತಿ. ತೆಳ್ಳಂದ್ರಾಗ ಕಡಿಮಿ ವ್ಯಾಟಿಂದ ಹಾಕಿರ್ತಾರ. ಅಂಗಡ್ಯಾಗ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತಗದು ಸಿಸ್ಟಮ್ ಇನ್ಫರ್ಮೇಶನ್ ಒತ್ತು ತಮ್ಮಾ, ಅಲ್ಲೇ ಬರದಿರ್ತೈತಿ. ಮತ್ತ ಕರೆಂಟ್ ಹೋದ್ರ, ಬ್ಯಾಟರಿ ಮ್ಯಾಲೆ ಅದು ಪೂರಾ ಶಕ್ತಿಲೆ ಓಡಂಗಿಲ್ಲ. ನಿಮ್ಮ ಕಡೆ ಲೋಡ್ ಶೆಡ್ಡಿಂಗ್ ಇದ್ರ ಅದನ್ನೂ ಲೆಕ್ಕಕ್ಕ ಹಿಡಿ.

ಗೋಡೋ_ಗೆಳೆಯ: ನೀನು ಮಾಡೋ ಆಟ ಯಾವುದು ಅಂತ ಮೊದಲು ಹೇಳಪ್ಪ. 2ಡಿ ಅಥವಾ ಸಣ್ಣ 3ಡಿ ಆದ್ರೆ ಗೋಡೋ ಎಂಜಿನ್ ಸಾಕು, ಪೂರ್ತಿ ಉಚಿತ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. 85 ಸಾವಿರ ಸುರಿಯೋ ಅವಶ್ಯಕತೆನೇ ಇಲ್ಲ. ಏರ್ ಬೇಡ. ಅದಕ್ಕೆ ಫ್ಯಾನೇ ಇಲ್ಲ, ಉದ್ದದ ಬಿಲ್ಡ್‌ಗೆ ಕೂತ್ರೆ ಬಿಸಿಯಾಗಿ ನಿಧಾನ ಆಗುತ್ತೆ. ಐಫೋನ್‌ಗೆ ಆಪ್ ಹಾಕೋವಾಗ ಮ್ಯಾಕ್‌ನಲ್ಲಷ್ಟೇ ಓಡೋ ಎಕ್ಸ್‌ಕೋಡ್ ಬೇಕು, ಆಗ ಮ್ಯಾಕ್ ಯೋಚ್ನೆ ಮಾಡು.

ದಾವಣಗೆರೆ_ಹುಡುಗ: 3ಡಿನೇ ಅಣ್ಣ. ಹಂಪಿ ಥರ ಪಾಳುಬಿದ್ದ ಕಲ್ಲಿನ ಪಟ್ಟಣ, ಅದರೊಳಗೆ ಓಡಾಡೋ ಆಟ. ಕಂಬಗಳ ಕೆತ್ತನೆ ಹತ್ತಿರ ಹೋದ್ರೂ ಸ್ಪಷ್ಟವಾಗಿ ಕಾಣ್ಬೇಕು. ಅದಕ್ಕೇ ಅನ್‌ರಿಯಲ್.

ಶೇಡರ್_ಶೆಟ್ರು: ನೋಡಿ ಮೇಡಂ! ಕೆತ್ತನೆ ಅಂದ್ರೆ ನ್ಯಾನೈಟ್ (ಅನ್‌ರಿಯಲ್‌ನಲ್ಲಿ ಸೂಕ್ಷ್ಮ ವಿವರ ತೋರಿಸೋ ವ್ಯವಸ್ಥೆ), ಕಲ್ಲಿನ 4ಕೆ ಟೆಕ್ಸ್‌ಚರ್ (ಮೇಲ್ಮೈ ಚಿತ್ರ), ಜೊತೆಗೆ ಲ್ಯೂಮೆನ್ ಬೆಳಕು. 6 ಜಿಬಿ ತುಂಬಿದ್ರೆ ಟೆಕ್ಸ್‌ಚರ್ ಮಸುಕಾಗುತ್ತೆ, ಎಡಿಟರ್ ತಡವರಿಸುತ್ತೆ. ಇಂಥ ಆಟಕ್ಕೆ 8 ಬೇಕೇ ಬೇಕು.

ಮಲ್ಲಿಗೆ: ಈ ಆಟಕ್ಕೆ ಸರಿ, 4060 ಇರಲಿ. ಆದ್ರೆ 16 ಜಿಬಿ ಒಂದೇ ಸ್ಟಿಕ್ಕಲ್ಲಿದ್ದು ಪಕ್ಕದ ಸ್ಲಾಟ್ ಖಾಲಿ ಇರೋದೇ ತಗೋಬೇಕು. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಆದ್ರೆ ಮುಟ್ಟಲೇಬೇಡ. 8+8 ಇದ್ರೆ ಮುಂದೆ ಎರಡನ್ನೂ ತೆಗೆಸಬೇಕಾಗುತ್ತೆ, ದುಡ್ಡು ದಂಡ. ಮೊದಲನೇ ಸ್ಕಾಲರ್‌ಶಿಪ್ ದುಡ್ಡಲ್ಲೇ ಇನ್ನೊಂದು 16 ಹಾಕ್ಸು, ಅಲ್ಲಿವರೆಗೆ ಬ್ಲೂಪ್ರಿಂಟ್‌ನಲ್ಲೇ (ಕೋಡ್ ಬರೀದೆ ಬ್ಲಾಕ್ ಜೋಡಿಸೋ ವಿಧಾನ) ಕಲಿ, ವಿಶುಯಲ್ ಸ್ಟುಡಿಯೋ ತೆರೀಬೇಡ.

ಧಾರವಾಡದಾಂವ: ಇದು ಖರೇ ಮಾತ್ರಿ. ಹಂಗ ಎರಡನೇ ಎಸ್‌ಎಸ್‌ಡಿಗೆ ಜಾಗಾ ಐತೇನ್ ಕೇಳು. ಅನ್‌ರಿಯಲ್ ಒಂದೇ ಹತ್ತಾರು ಜಿಬಿ ಹಿಡೀತೈತಿ, 512 ಲಗೂ ತುಂಬತೈತಿ.

ದಾವಣಗೆರೆ_ಹುಡುಗ: ಆಯ್ತು ಅಕ್ಕ, ಶೆಟ್ರೇ. ಶನಿವಾರ ಅಂಗಡಿಗೆ ಹೋಗ್ತಿದೀನಿ. ವ್ಯಾಟ್, ಖಾಲಿ ಸ್ಲಾಟ್, ಎರಡನೇ ಎಸ್‌ಎಸ್‌ಡಿ ಜಾಗ ಮೂರೂ ನೋಡಿ ಮಾಡೆಲ್ ನಂಬರ್ ಇಲ್ಲೇ ಹಾಕ್ತೀನಿ. ದುಡ್ಡು ಕೊಡೋಕೆ ಮುಂಚೆ ಒಮ್ಮೆ ನೋಡಿ ಹೇಳಿ.