ಮಾತ್ರೆಯನ್ನು ಸಾರಿಗೆ ಬೆರೆಸಿ ಕೊಡಬಹುದಾ?

ಹಾಸನದ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗನಿಗೆ 20 ವರ್ಷ. ಡಿಪ್ಲೊಮಾ ಅರ್ಧಕ್ಕೇ ನಿಂತಿದೆ. ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗ ಅಂತ ಹೇಳಿ ರಿಸ್ಪೆರಿಡೋನ್ ಮಾತ್ರೆ ಶುರು ಮಾಡಿದ್ದಾರೆ. ಮೊದಮೊದಲು ನುಂಗುತ್ತಿದ್ದ. ಈಗ ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ಆಮೇಲೆ ಬಚ್ಚಲಲ್ಲಿ ಉಗಿಯುತ್ತಾನೆ. ತಟ್ಟೆ ಮುಂದಿಟ್ಟರೆ "ಇದಕ್ಕೇನು ಹಾಕಿದ್ದೀಯ?" ಅಂತಾನೆ. ನಾದಿನಿ, ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕಿಬಿಡು, ಗೊತ್ತಾಗಲ್ಲ ಅಂತಾಳೆ. ಅತ್ತೆಯ ಪ್ರಕಾರ ಇದು ಗಾಳಿ ಸೋಕಿದ್ದು, ತಾಯತ ಕಟ್ಟಿಸಬೇಕು. ನನಗೆ ದಿಕ್ಕೇ ತೋಚುತ್ತಿಲ್ಲ. ಯಾರಾದರೂ ಹೀಗೆ ಬೆರೆಸಿ ಕೊಟ್ಟಿದ್ದೀರಾ?

ಧಾರವಾಡದ ಅಪ್ಪ:
ಬೇಡ ತಂಗಿ. ಊಟದಲ್ಲಿ ಏನೋ ಹಾಕ್ತಾರೆ ಅನ್ನೋದೇ ಅವನ ಹೆದರಿಕೆ. ನೀವು ನಿಜಕ್ಕೂ ಹಾಕಿ, ಒಂದು ದಿನ ಅವನ ಕಣ್ಣಿಗೆ ಬಿದ್ದರೆ? ಆಮೇಲೆ ನಿಮ್ಮ ಕೈಯಿಂದ ನೀರೂ ಕುಡಿಯಲ್ಲ.

ನನ್ನ ಮಗಳಿಗೂ ಇದೇ ಕಾಯಿಲೆ. ಇಲ್ಲಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸುತ್ತೇವೆ. ಅವಳೂ ಊಟ ಬಿಟ್ಟಿದ್ದಳು. ಆಗ ನನ್ನ ಹೆಂಡತಿ ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ ಎರಡನ್ನೂ ನಡುವೆ ಇಟ್ಟು, "ನೀನೇ ಬಡಿಸು, ಮೊದಲು ನನಗೆ ಹಾಕು" ಅನ್ನುತ್ತಿದ್ದಳು. ಅಮ್ಮ ಉಣ್ಣುವುದನ್ನು ನೋಡಿದ ಮೇಲೇ ಮಗಳು ರೊಟ್ಟಿ ಮುರಿಯುತ್ತಿದ್ದಳು. ನಾವು ವಾದ ಮಾಡುತ್ತಿರಲಿಲ್ಲ. ಹೌದು, ವಿಷ ಇದೆ ಅಂತ ಹೂಂಗುಟ್ಟುತ್ತಲೂ ಇರಲಿಲ್ಲ. "ಹೆದರಿಕೆ ಆಗ್ತಿದೆ ಅಲ್ವಾ, ಜೊತೆಗೇ ಊಟ ಮಾಡೋಣ" ಅಷ್ಟೇ.

ಅತ್ತೆಯವರ ಜೊತೆ ಜಗಳ ಬೇಡ. ಅವನು ಒಪ್ಪಿದರೆ ತಾಯತ ಕಟ್ಟಲಿ, ಚಿಕಿತ್ಸೆ ನಿಲ್ಲದಿದ್ದರೆ ಸಾಕು. ಮನೆಯಲ್ಲಿ ಬೈಗುಳ, ಕೂಗಾಟ ಹೆಚ್ಚಾದರೆ ಈ ಕಾಯಿಲೆ ಮರುಕಳಿಸೋದೂ ಜಾಸ್ತಿ.

ಮನೋರೋಗ ವಾರ್ಡಿನ ನರ್ಸ್:
ಅಣ್ಣ ಹೇಳಿದ್ದು ಸರಿ. ಅಮ್ಮಾ, ಯಾಕೆ ಉಗೀತೀಯ ಅಂತ ಅವನನ್ನೇ ಕೇಳಿದ್ರಾ? ಕತ್ತು ಸೆಟೆದುಕೊಳ್ಳೋದು, ಕೈ ನಡುಗೋದು, ಕೂತಲ್ಲಿ ಕೂರಲಾಗದೆ ಓಡಾಡೋದು, ಇವೆಲ್ಲ ಆ ಮಾತ್ರೆಯಿಂದಲೂ ಬರಬಹುದು.

ಹಾಸನದ ಅಮ್ಮ:
ಈಗಷ್ಟೇ ಕೇಳಿದೆ. "ನುಂಗಿದರೆ ಕಾಲೊಳಗೆ ಏನೋ ಹರಿದಾಡುತ್ತೆ, ಮಲಗೋಕೇ ಬಿಡಲ್ಲ" ಅಂದ. ರಾತ್ರಿಯಿಡೀ ಹಜಾರದಲ್ಲಿ ಆ ತುದಿಯಿಂದ ಈ ತುದಿಗೆ ನಡೀತಾ ಇರುತ್ತಾನೆ. ಮನೆಯವರೆಲ್ಲ ಇದನ್ನೂ ಕಾಯಿಲೆ ಅಂತಲೇ ಹೇಳುತ್ತಾರೆ.

ಮನೋರೋಗ ವಾರ್ಡಿನ ನರ್ಸ್:
ಅವನು ಹೇಳಿದ್ದನ್ನು ಹಾಗೇ ಡಾಕ್ಟರಿಗೆ ಹೇಳಿ. ಮುಂದಿನ ತಾರೀಖಿನವರೆಗೆ ಕಾಯಬೇಡಿ. ಡೋಸ್ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು. ನೀವಾಗಿಯೇ ನಿಲ್ಲಿಸಬೇಡಿ. ದಿನಾ ನುಂಗೋದೇ ಕಷ್ಟ ಅಂದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ. ಅದನ್ನು ಅವನ ಎದುರಿಗೇ ಕೇಳಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಸಾಯುವ ಮಾತಾಡಿದರೆ ಅಥವಾ ಊಟ ನೀರು ಪೂರ್ತಿ ಬಿಟ್ಟರೆ ಮಾತ್ರ ಫೋನ್ ಹಿಡಿದು ಕೂರಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಸನದ ಅಮ್ಮ:
ನಾಳೆ ಬೆಳಿಗ್ಗೆಯೇ ಹೊರಟಿದ್ದೇವೆ. ಇಂಜೆಕ್ಷನ್ ವಿಷಯ ಹೇಳಿದೆ, "ನೋವಾಗುತ್ತಾ?" ಅಂದ. ಬೇಡ ಅನ್ನಲಿಲ್ಲ. ಅಣ್ಣಾ, ನಿಮ್ಮ ಮಗಳು ಈಗ ಹೇಗಿದ್ದಾಳೆ?

ಧಾರವಾಡದ ಅಪ್ಪ:
ಆರಾಮ ಇದ್ದಾಳೆ ತಂಗಿ. ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಕೇಳೋ ಮಾತು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ. ಹೊಲಿಗೆ ಕ್ಲಾಸಿಗೆ ಹೋಗ್ತಾಳೆ. ಡಾಕ್ಟರ್ ಏನಂದರು ಅಂತ ಬಂದು ಬರೀರಿ.